ಸಿನಿಮಾ ಓದಿಕೊಂಡದ್ದರ ಫಲ

ಕಾಲೇಜಿನಲ್ಲಿ ಟೀವಿ, ಸಿನಿಮಾ ಓದಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಒಂದು ಪಾಲು ಹೆಚ್ಚೇ ಆಗಿವೆ. ಹದಿನಾರು ಎಂಬ ನಮ್ಮೂರಿನಿಂದ ದಿನಾ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಮೂರು ವರ್ಷ ಇದನ್ನೇ ಓದಿದೆ. ಮೊದಲನೇ ವರ್ಷ ಮುಗಿಯುವುದರೊಳಗೆ ನಮ್ಮ ಬೀದಿಯವರು ಎರಡು ಕೆಟ್ಟ ಟೀವಿ, ಒಂದು ಮಿಕ್ಸಿ ತಂದು ಜಗಲಿ ಮೇಲಿಟ್ಟು, "ಪುರ್ಸೊತ್ತಾದಾಗ ನೋಡವ್ವ" ಅಂದು ಹೋಗಿದ್ದರು. ಈಗ ನಂಜನಗೂಡಿನಲ್ಲಿ ನನ್ನದೇ ಪುಟ್ಟ ಸ್ಟುಡಿಯೋ ಇದೆ. "ಅದನ್ನ ಓದಿ ಏನವ್ವ ಸಿಕ್ತು?" ಅಂತ ಇವತ್ತಿಗೂ ಕೇಳುತ್ತಾರೆ. ಸಿಕ್ಕಿದ್ದು ಇಷ್ಟು.

ಅವ್ವನ ಕಲಿಕೆ

ಸಂಜೆ ಏಳಾದರೆ ನಮ್ಮವ್ವ ಧಾರಾವಾಹಿ ಮುಂದೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಹೊಸ ಓದಿನ ಹುಮ್ಮಸ್ಸಿನಲ್ಲಿ, "ಅವ್ವ, ಅದು ನಿಜವಾದ ಅಳು ಅಲ್ಲ. ಕಣ್ಣಿಗೆ ಗ್ಲಿಸರಿನ್ ಹಚ್ಕೋತಾರೆ. ಆ ಆಸ್ಪತ್ರೆಯೂ ಸೆಟ್ಟು, ಹೋದ ವಾರ ಅದೇ ಗೋಡೆ ಪೊಲೀಸ್ ಸ್ಟೇಷನ್ ಆಗಿತ್ತು" ಅಂದೆ.

"ನೆಮ್ಮದಿಯಾಗಿ ಅಳ್ತಿದ್ದೆ, ಅದ್ನೂ ಕೆಡಿಸ್ಬುಟ್ಟೆ" ಅಂದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೊಂದು ದಿನ ಚಿಕ್ಕಯ್ಯನಛತ್ರದ ಕಡೆ ನೆಂಟರ ಮನೆಯ ತಿಥಿಗೆ ಹೋದೆವು. ಅತ್ತೆ ಬದುಕಿದ್ದಾಗ ಒಂದು ದಿನವೂ ಬಂದು ನೋಡದ ಸೊಸೆ, ಈಗ ಫೋಟೋ ಮುಂದೆ ಕೂತು ಗೋಳೋ ಅಂತ ಅಳುತ್ತಿದ್ದಳು. ಸುತ್ತ ನಾಲ್ಕು ಜನ ಸಮಾಧಾನ ಮಾಡುತ್ತಿದ್ದರು. ಅವ್ವ ಸ್ವಲ್ಪ ಹೊತ್ತು ಗಮನವಿಟ್ಟು ನೋಡಿ, ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು: "ಕಣ್ಗೆ ಹಚ್ಕತಾರೆ ಅಂದಿದ್ಯಲ್ಲ, ಅದು ನಂಜನಗೂಡಲ್ಲೇ ಸಿಕ್ತದಾ?"

ಕೋಟು

ಕೊನೆಯ ವರ್ಷ ಹಳೇ ಭತ್ತದ ತಳಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಬನ್ನೂರಿಗೆ ಹೋದೆ. ಅದರ ಮೇಲೆಯೇ ನನ್ನ ಪಾಸು, ಫೇಲು. ಅಲ್ಲೊಬ್ಬ ಅಜ್ಜ ಸಿಕ್ಕಿದ. ಮನೆಯಲ್ಲಿ ಹಸಿವಿದ್ದ ವರ್ಷ, ಬಿತ್ತನೆಯ ಭತ್ತವನ್ನೂ ಯಾರಾದರೂ ಕುಟ್ಟಿ ತಿಂದುಬಿಟ್ಟಾರು ಅಂತ ಅವನ ತಾಯಿ ಅದನ್ನು ದಿಂಬಿನೊಳಗೆ ತುಂಬಿ ತಲೆಯಡಿ ಇಟ್ಟುಕೊಂಡೇ ಮಲಗುತ್ತಿದ್ದಳಂತೆ. ಕೇಳಿ ನನಗೆ ಮೈ ಜುಮ್ಮೆಂದಿತು. ಅಂಗಿಗೆ ಮೈಕು ಸಿಕ್ಕಿಸಿ, ಕ್ಯಾಮೆರಾ ತಿರುಗಿಸಿದೆ. ಅಜ್ಜ ತಡಿ ಅಂದು ಒಳಗೆ ಹೋಗಿ, ಮಗನ ಮದುವೆ ಕೋಟು ಹಾಕಿಕೊಂಡು ಬಂದ.

"ಪ್ರಿಯ ವೀಕ್ಷಕರೇ, ಪ್ರಸ್ತುತ ಭತ್ತದ ಪರಿಸ್ಥಿತಿಯನ್ನು ಅವಲೋಕಿಸುವುದಾದರೆ..."

"ಅಜ್ಜ, ಆಗ ಹೇಳಿದ್ರಲ್ಲ, ಹಂಗೇ ಹೇಳಿ."

"ಅಂಗೆ ಮಾತಾಡಕೆ ಕ್ಯಾಮ್ರಾ ಯಾಕವ್ವ? ಅಂಗೆ ನಾನು ದಿನಾ ಮಾತಾಡ್ತೀನಲ್ಲ."

ನಾಲ್ಕು ಸಲ ಪ್ರಯತ್ನಿಸಿ ಕೈಬಿಟ್ಟೆ. ಕ್ಯಾಮೆರಾ ಚೀಲಕ್ಕೆ ಸೇರಿತು, ಕಾಫಿ ಬಂತು. ಅಜ್ಜ ಕೋಟು ಬಿಚ್ಚಿಟ್ಟು ಕೂತವನು, ದಿಂಬಿನ ಕತೆಯನ್ನು ಮೊದಲಿಗಿಂತ ಚೆನ್ನಾಗಿ ಇನ್ನೊಮ್ಮೆ ಹೇಳಿದ. ಮೈಕು ಇನ್ನೂ ಅಂಗಿಯಲ್ಲೇ ಇತ್ತು. ಅದರ ರೆಕಾರ್ಡರನ್ನು ಆಫ್ ಮಾಡಲು ನಾನು ಮರೆತಿದ್ದೆ. ಅವನ ಒಪ್ಪಿಗೆ ಕೇಳಿ, ಆ ದನಿಯ ಮೇಲೆ ಬರೀ ಗದ್ದೆಯ ದೃಶ್ಯ ಜೋಡಿಸಿದೆ. ಪಾಸಾದೆ. ಮೇಷ್ಟ್ರು ಹೊಗಳಿದರು. ಸಂತೋಷಕ್ಕೆ ಬನ್ನೂರಿಗೆ ಹೋಗಿ ಅಜ್ಜನಿಗೂ ತೋರಿಸಿದೆ. ಕೊನೆಯವರೆಗೂ ರೆಪ್ಪೆ ಮಿಟುಕಿಸದೆ ನೋಡಿ ಅವನೆಂದ: "ಎಲ್ಲಾ ಸರಿ ಕಣವ್ವ, ಕೋಟೆಲ್ಲಿ?"

ಎರಡು ಕೈ, ಒಂದು ಕುತ್ತಿಗೆ

ಸ್ಟುಡಿಯೋ ಶುರು ಮಾಡಿದ ಹೊಸತರಲ್ಲಿ ತಿ. ನರಸೀಪುರದ ಒಂದು ಛತ್ರದಲ್ಲಿ ಮದುವೆ ವಿಡಿಯೋ ಒಪ್ಪಿಕೊಂಡೆ. ಕ್ಯಾಮೆರಾದ ಗುಂಡಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಮುಹೂರ್ತದ ಗಡಿಬಿಡಿಯಲ್ಲಿ ನಾನು ಎರಡು ಸಲ ಒತ್ತಿದ್ದೆ. ವಾಲಗ ನಿಂತ ಮೇಲೆ, ನಿಲ್ಲಿಸುತ್ತಿದ್ದೇನೆ ಅಂದುಕೊಂಡು ಶುರು ಮಾಡಿದ್ದೆ. ತಾಳಿ ಕಟ್ಟಿದ್ದು ಇಲ್ಲವೇ ಇಲ್ಲ. ನನ್ನ ಪಾದಗಳು ಮಾತ್ರ ಹನ್ನೆರಡು ನಿಮಿಷ ಬಹಳ ಸ್ಪಷ್ಟವಾಗಿ ಬಂದಿದ್ದವು.

ನನ್ನನ್ನು ಗೊತ್ತು ಮಾಡಿದ್ದ ಹೆಣ್ಣಿನ ಸೋದರಮಾವನನ್ನು ಪಕ್ಕಕ್ಕೆ ಕರೆದು ಇದ್ದದ್ದು ಹೇಳಿದೆ. ಅವರು ಅಲ್ಲೇ ಕುರ್ಚಿ ಹಿಡಿದು ಕೂತರು.

"ಕಟ್ಟಿದ ತಾಳಿ ಬಿಚ್ಚಿ ಇನ್ನೊಂದ್ಸಲ ಕಟ್ಟಕಾದಾತವ್ವ?"

ಆಗ ನನಗೆ ಕ್ಲೋಸಪ್ ಪಾಠ ನೆನಪಾಯಿತು. "ಮದುಮಕ್ಕಳೇ ಬೇಕು ಅಂತಿಲ್ಲ. ಮುಖ ತೋರಿಸಲ್ಲ. ಎರಡು ಕೈ, ಒಂದು ಕುತ್ತಿಗೆ ಸಾಕು" ಅಂದೆ.

ಪಕ್ಕದಲ್ಲಿದ್ದ ಅವರ ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. "ಮುಂದ್ಲೊರ್ಷ ಇವ್ರಿಗೆ ಅರವತ್ತು. ಎಂಗಿದ್ರೂ ಶಾಂತಿ ಮಾಡಿ ಇನ್ನೊಂದ್ಸಲ ತಾಳಿ ಕಟ್ಬೇಕು. ಇವತ್ತೇ ಒಂದ್ಸಲ ಕಟ್ಲಿ ಬುಡಿ."

ಮದುಮಕ್ಕಳು ಊಟಕ್ಕೆ ಹೋದಾಗ ಅವರು ತೆಗೆದಿಟ್ಟ ಹಾರಗಳನ್ನೇ ಇವರಿಬ್ಬರಿಗೆ ಹಾಕಿ ಖಾಲಿ ಮಂಟಪದಲ್ಲಿ ಕೂರಿಸಿದೆ. ಅರಿಶಿನದ ಕೊಂಬು ಕಟ್ಟಿದ ದಾರ ಕೊಟ್ಟೆ. ವರ್ಷಗಟ್ಟಲೆ ಕಬ್ಬು ಕಡಿದ ಸೋದರಮಾವನ ಕೈಗಳು ಗಡಗಡ ನಡುಗಿ, ಗಂಟು ಬೀಳಲು ಐದು ನಿಮಿಷ ಹಿಡಿಯಿತು. ಅವರ ಹೆಂಡತಿ ತಲೆ ತಗ್ಗಿಸಿಕೊಂಡೇ ಹೇಳಿದರು: "ನಮ್ ಮದ್ವೇಲಿ ಗಬಕ್ನೆ ಕಟ್ಬುಟ್ಟು ಊಟಕ್ಕೆದ್ದೋಗಿದ್ರಿ. ಈಗ ಬಂತು ನೋಡಿ ಭಕ್ತಿ."

ಹದಿನೈದು ದಿನದ ಮೇಲೆ ಗಂಡಿನ ಮನೆಯಲ್ಲಿ ವಿಡಿಯೋ ಹಾಕಿದರು. ಆ ಕೈಗಳು ಪರದೆಯ ತುಂಬಾ ಬಂದಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಮದುಮಗಳ ಕಣ್ಣು ತುಂಬಿಬಂತು. "ಪಾಪ, ಎಷ್ಟು ನಡುಗ್ತಾ ಕಟ್ಟಿದ್ದಾರೆ" ಅಂದಳು.

ಗಂಡಿನ ತಾಯಿ ಮುಂದಕ್ಕೆ ಬಗ್ಗಿ ನೋಡಿದರು. "ಬ್ಯಾಂಕಲ್ಲಿ ಕೂತು ಕೆಲ್ಸ ಮಾಡೋ ನನ್ ಮಗ, ಹುಲ್ಕಡ್ಡಿ ಎತ್ತಿದೋನಲ್ಲ. ಮದ್ವೆ ಕೆಲ್ಸ ಎಲ್ಲಾ ಅವನ ಮೇಲೇ ಬಿದ್ದು, ಕೈ ಎಂಗಾಗೋಗವೆ ನೋಡಿ."

ಎಲ್ಲರೂ ಮದುಮಗನ ಕಡೆ ತಿರುಗಿದರು. ಅವನು ತನ್ನೆರಡು ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡ, ಪರದೆ ನೋಡಿದ, ಹೆಂಡತಿಯ ಒದ್ದೆ ಕಣ್ಣು ನೋಡಿದ.

"ಹೂಂ" ಅಂದ. "ಆ ವಾರ ನಂಗೂ ಬಾಳ ಸುಸ್ತಾಗಿತ್ತು."