ಮುಂದಿನ ಸೀಟಿನ ವಜನು

ದೇವರು ಪ್ರತ್ಯಕ್ಷನಾಗಿ ವರ ಕೇಳು ಎಂದರೆ ಜನ ಏನೇನೋ ಕೇಳುತ್ತಾರಂತೆ. ನಾನು ಕೇಳುವುದು ಇಷ್ಟೇ: ದಿನಕ್ಕೆ ಅರ್ಧ ಗಂಟೆ ಯಾರೂ ನನ್ನೊಡನೆ ಮಾತಾಡಬಾರದು. ಇದು ಸೊಕ್ಕಿನ ಮಾತಲ್ಲ, ದಣಿವಿನ ಮಾತು. ನನ್ನ ಮನೆ ಜಮಖಂಡಿಯಲ್ಲಿ, ನೌಕರಿ ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ. ಶಾಲೆಯ ಬೆನ್ನಿಗೇ ಮಗ್ಗಗಳು. ದಿನವಿಡೀ ಅವುಗಳ ಖಟಾಖಟ್ ಸದ್ದಿನ ಮೇಲೆ ದನಿ ಏರಿಸಿ ನಾನು ಇತಿಹಾಸ ಹೇಳಬೇಕು. ಇಷ್ಟು ಗಂಟಲು ಹರಿದುಕೊಂಡರೂ ಯಾವ ರಾಜ ಯಾರನ್ನು ಸೋಲಿಸಿದ ಎಂಬುದು ಹಿಂದಿನ ಬೆಂಚಿನ ತನಕ ಮುಟ್ಟುವುದಿಲ್ಲ. ಪರೀಕ್ಷೆಯ ಉತ್ತರಗಳಲ್ಲಿ ಸೋತ ರಾಜರೇ ಗೆದ್ದಿರುತ್ತಾರೆ. ಮನೆಗೆ ಬಂದರೆ ಅಲ್ಲಿ ಮಾತಿನ ಸರದಿ ಹೆಂಡತಿಯದು. ಉಳಿದದ್ದು ಊರಿಂದೂರಿಗೆ ಹೋಗಿಬರುವ ದಾರಿಯೊಂದೇ.

ಆ ದಾರಿಯಲ್ಲಿ ಮಲಕಾಜಪ್ಪ ಇದ್ದ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ, ನಮ್ಮೂರಿನವನೇ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಅವನು ಕೂತ ಮೇಲೆ ಉಳಿಯುವ ಜಾಗದಲ್ಲಿ ನಾನು ದಿನಾ ಒರಗಿಕೊಳ್ಳುತ್ತಿದ್ದೆ. ದೇಹ ಹೇಗೋ ಮಾತೂ ಹಾಗೆ, ಧಾರಾಳ. ವಿಷಯ ಮಾತ್ರ ಒಂದೇ, ತೇರದಾಳದಲ್ಲಿರುವ ಅವನ ಹೆಂಡತಿಯ ಅಣ್ಣನ ಮನೆಯ ಹಿತ್ತಲಗೋಡೆ. ಗೋಡೆ ವಾಲಿತ್ತು. ಲೋಕದಲ್ಲಿ ಗೋಡೆ ನನ್ನದು ಎಂದು ಜಗಳಾಡಿದರೆ, ಇಲ್ಲಿ ಅಣ್ಣನೂ ಪಕ್ಕದ ಮನೆಯವನೂ ಗೋಡೆ ನಿನ್ನದು ಎಂದು ಜಗಳಾಡುತ್ತಿದ್ದರು. ಯಾರದೆಂದು ತೀರ್ಮಾನವಾಗುತ್ತದೋ ಅವರೇ ಕಟ್ಟಿಸಬೇಕಲ್ಲ. ಈ ಗೋಡೆಯಿಂದ ಪಾರಾಗಲಿಕ್ಕೆಂದೇ ನಾನು ಕಾರು ಕೊಂಡೆ. ಹೆಂಡತಿಗೆ ಹೇಳಿದ ಕಾರಣ ಬೇರೆ.

ಕಾರು ಸಣ್ಣದು, ಹಳೆಯದು. ಮೊದಲ ಯಜಮಾನರು ಸಾವಳಗಿಯ ಒಬ್ಬ ರೈತರು. ಕಬ್ಬಿನ ಗದ್ದೆಯ ತನಕ ಹೋಗಲೆಂದು ಅವರು ಅದಕ್ಕೆ ಉದ್ದನೆಯ ಸ್ಪ್ರಿಂಗು, ಅದರ ಕುಣಿತವನ್ನು ಹಿಡಿಯುವ ಉದ್ದನೆಯ ಸ್ಟ್ರಟ್ಟು ಹಾಕಿಸಿ ಎತ್ತರ ಮಾಡಿಸಿದ್ದರು. ಕಾರು ಸೀರೆ ಎತ್ತಿ ಕಟ್ಟಿಕೊಂಡು ಹಳ್ಳ ದಾಟುವವರ ಹಾಗೆ ಕಾಣುತ್ತಿತ್ತು. ನಾನೋ ಕುಳ್ಳ. ಇಳಿಯುವಾಗ ಕಾಲು ನೆಲ ಹುಡುಕುವುದನ್ನು ಮಕ್ಕಳೆಲ್ಲ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಅದಕ್ಕೇ ಜಮಖಂಡಿಯ ಮೆಕ್ಯಾನಿಕ್ ದಸ್ತಗೀರನ ಬಳಿ ಹೋಗಿ, ಎಲ್ಲರ ಕಾರಿನ ಹಾಗೆ ಇಳಿಸಿಕೊಡು ಎಂದೆ. ಅವನು ಸ್ಪ್ರಿಂಗುಗಳ ಒಂದೊಂದು ಸುತ್ತು ಕತ್ತರಿಸಿ ಹಾಕಿದ. ಸ್ಟ್ರಟ್ಟು ಏನಾದರೂ ಬದಲಿಸಬೇಕೇ ಎಂದು ಕೇಳಿದ್ದಕ್ಕೆ, ಅವು ಇನ್ನೂ ಗಟ್ಟಿ ಇವೆ, ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತವೆ ಎಂದ. ತಿಳಿದವನು ಹೇಳುವಾಗ ತಿಳಿಯದವನು ತಲೆದೂಗುವುದು ರೂಢಿ. ತೂಗಿದೆ.

ಕಾರು ಇಳಿಯಿತು. ಆದರೆ ಕುಣಿಯತೊಡಗಿತು. ಟ್ರಾಕ್ಟರುಗಳಿಂದ ಉದುರಿದ ಒಂದು ಕಬ್ಬಿನ ಜಲ್ಲೆ ಚಕ್ರಕ್ಕೆ ಸಿಕ್ಕರೂ ಸಾಕು, ಮುಂದಿನ ಭಾಗ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತ ಮುಂದಿನ ಜಲ್ಲೆಯವರೆಗೂ ಹೌದು ಹೌದು ಎನ್ನುತ್ತಿತ್ತು. ಶಾಲೆ ಮುಟ್ಟುವಾಗ ನನ್ನ ಕನ್ನಡಕ ಜೇಬಿನಲ್ಲಿ, ತಿಂದ ಅವಲಕ್ಕಿ ಗಂಟಲಲ್ಲಿ ಇರುತ್ತಿತ್ತು. ದಸ್ತಗೀರನ ಬಳಿ ಮತ್ತೆ ಮತ್ತೆ ಹೋದೆ. ಅವನು ಬೋಲ್ಟು ಬಿಗಿದ, ರಬ್ಬರು ಬದಲಿಸಿದ, ಬಾನೆಟ್ಟಿನ ಮೇಲೆ ಕೈಯೂರಿ ಒತ್ತಿ ಬಿಟ್ಟು ನೋಡಿದ. ಕಡೆಗೆ ತಾನೇ ನನ್ನ ಪಕ್ಕ ಕೂತು ಕುಡಚಿ ರಸ್ತೆಯಲ್ಲಿ ಒಂದಿಷ್ಟು ದೂರ ಬಂದ. ಆಶ್ಚರ್ಯ, ಕಾರು ಮರ್ಯಾದಸ್ಥರ ಹಾಗೆ ನಡೆಯಿತು. ಅವನ ಮುಖ ಅರಳಿತು.

"ಗಾಡಿದೇನೂ ತಪ್ಪಿಲ್ರಿ ಸರ," ಎಂದ. "ನೀವ ಹಗುರ ಅದೀರಿ. ಬಾಜೂಕ ಯಾರರ ವಜನ ಇದ್ದವ್ರನ್ನ ಕುಂಡ್ರಿಸ್ಕೋರಿ."

ಯಂತ್ರದ ರೋಗಕ್ಕೆ ಯಜಮಾನನ ತೂಕ ಕಾರಣವೆಂದು ಕೇಳಿದ್ದು ಅದೇ ಮೊದಲು. ಆದರೂ ಮನುಷ್ಯರನ್ನು ಕೂರಿಸುವುದಕ್ಕಿಂತ ಜೋಳದ ಚೀಲ ಮೇಲು ಎಂದು ನನ್ನ ಬುದ್ಧಿಗೆ ಹೊಳೆಯಿತು. ಚೀಲ ಮಾತಾಡುವುದಿಲ್ಲ, ಅದಕ್ಕೆ ತೇರದಾಳದಲ್ಲಿ ನೆಂಟರಿಲ್ಲ. ಅಡುಗೆಮನೆಯ ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಉರುಳದಂತೆ ಬೆಲ್ಟು ಹಾಕಿದೆ. ಎಂಥ ಪ್ರಯಾಣ ಅದು! ಕಾರೂ ಸುಮ್ಮನೆ, ನಾನೂ ಸುಮ್ಮನೆ, ಚೀಲವೂ ಸುಮ್ಮನೆ. ಬದುಕಿನಲ್ಲಿ ನನಗೆ ಹೊಂದಿಕೆಯಾದ ಸಂಗಾತಿ ಅದೊಂದೇ ಎಂದು ಅನಿಸಿದ್ದು ಸುಳ್ಳಲ್ಲ. ಹೆಂಡತಿಗೆ ಹಾಗನಿಸಲಿಲ್ಲ. ರೊಟ್ಟಿಗೆ ಹಿಟ್ಟು ಬೀಸಿಸಬೇಕಾದರೆ ಜೋಳ ಶಾಲೆ ಬಿಟ್ಟು ಬರುವ ತನಕ ತಾನು ಕಾಯಬೇಕೇನು ಎಂದು ಆಕೆ ಕೇಳಿದಳು.

ಆಕೆ ಚೀಲ ಇಳಿಸಿಕೊಳ್ಳುವ ಮೊದಲೇ ಮಲಕಾಜಪ್ಪ ಅದನ್ನು ನೋಡಿಬಿಟ್ಟ. ನಮ್ಮ ಕಡೆ ಪರಿಚಯದವರು ಬಸ್ಸಿಗೆ ನಿಂತಿರುವಾಗ ಗಾಡಿ ನಿಲ್ಲಿಸದೆ ಹೋದರೆ ಮೂರು ತಲೆಮಾರಿನ ತನಕ ಆಡಿಕೊಳ್ಳುತ್ತಾರೆ. ಕಾರು ಅತಿಯಾಗಿ ಕುಣಿಯುತ್ತದೆ, ಕೂತವರಿಗೆ ತ್ರಾಸು ಎಂಬ ನೆವ ಅದುವರೆಗೆ ನನ್ನನ್ನು ಕಾಪಾಡಿತ್ತು. ಅಂದು ಅವನು ಕಿಟಕಿಯಲ್ಲಿ ಬಗ್ಗಿ ಬೆಲ್ಟು ಹಾಕಿಕೊಂಡ ಚೀಲವನ್ನು ಬಹಳ ಹೊತ್ತು ನೋಡಿದ.

"ಚೀಲಕ್ಕ ಸೀಟ ಕೊಟ್ಟೀರಿ. ಮನಶ್ಯಾರ ಬಸ್ಸಿನ್ಯಾಗ ಜೋತಾಡಾಕತ್ತೇವಿ," ಎಂದ.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಾರಿನ ಕಷ್ಟವನ್ನೆಲ್ಲ ತೋಡಿಕೊಂಡೆ. ಅವನ ಕೋಪ ಕರಗಿ ಕರುಣೆಯಾಯಿತು. ಕರುಣೆಯೇ ನನಗೆ ಮುಳುವಾಯಿತು. ಇನ್ನು ಮೇಲೆ ಚಿಂತೆ ಬೇಡ, ದಿನಾ ತಾನೇ ಬಂದು ಕೂರುತ್ತೇನೆ ಎಂದ. ಚೀಲ ಅಡುಗೆಮನೆಗೆ ಹೋಯಿತು, ಗೋಡೆ ಕಾರಿನೊಳಗೆ ಬಂತು. ಬಸ್ಸಿನಲ್ಲಾದರೆ ಹಾರನ್ನಿತ್ತು, ಕಂಡಕ್ಟರನಿದ್ದ, ನಡುನಡುವೆ ಮಾತು ತುಂಡಾಗುತ್ತಿತ್ತು. ಇಲ್ಲಿ ಗಾಜು ಏರಿಸಿದ ಪೆಟ್ಟಿಗೆಯಲ್ಲಿ ನಾನು, ಅವನು, ಗೋಡೆ. ಅವನನ್ನು ಇಳಿಸಿದರೆ ಕಾರು ಕುಣಿಯುತ್ತದೆ, ಕೂರಿಸಿಕೊಂಡರೆ ತಲೆ ಕುಣಿಯುತ್ತದೆ. ನಾನು ರಸ್ತೆ ನೋಡುತ್ತ "ಹೂಂ" ಎನ್ನುತ್ತಿದ್ದೆ. ಚಳಿಗಾಲ ಹೋಯಿತು, ಕಬ್ಬಿನ ಹಂಗಾಮು ಮುಗಿಯಿತು, ಗೋಡೆ ಇನ್ನಷ್ಟು ವಾಲಿತು, ನಾನೂ ವಾಲಿದೆ.

ಬೇಸಿಗೆ ರಜೆಯಲ್ಲಿ ಒಂದು ಸ್ಟ್ರಟ್ಟು ಎಣ್ಣೆ ಕಕ್ಕಿ ಪ್ರಾಣ ಬಿಟ್ಟಿತು. ದಸ್ತಗೀರ ಅದನ್ನು ಬಿಚ್ಚಿ ಕತ್ತರಿಸಿದ ಸ್ಪ್ರಿಂಗಿನ ಪಕ್ಕ ಇಟ್ಟು ನೋಡಿದ. ನೋಡನೋಡುತ್ತ ಅವನಿಗೆ ಜ್ಞಾನೋದಯವಾಯಿತು. ಸ್ಪ್ರಿಂಗು ಮೋಟಾಗಿ ಬಿರುಸಾಗಿದೆ, ಸ್ಟ್ರಟ್ಟು ಉದ್ದ ಗಾಡಿಯದು, ಮೇಲಾಗಿ ಮುದಿ. ಸ್ಪ್ರಿಂಗು ಕುಣಿಸುತ್ತದೆ, ಆ ಕುಣಿತವನ್ನು ಸ್ಟ್ರಟ್ಟಿಗೆ ಹಿಡಿಯಲಾಗುವುದಿಲ್ಲ. ಎರಡನ್ನೂ ಜೋಡಿಯಾಗಿಯೇ ಹಾಕಬೇಕಿತ್ತು ಎಂದ. ಹಾಗಾದರೆ ನಾನು ಹಗುರ ಅಂದದ್ದು ಎಂದು ಕೇಳಿದೆ. "ಅದೂ ಖರೇನ ಅದರಿ," ಎಂದು ಸಮಾಧಾನ ಹೇಳಿದ. ಸಾಂಗ್ಲಿಯಿಂದ ಒಂದಕ್ಕೊಂದು ಹೊಂದುವ ಸ್ಪ್ರಿಂಗು, ಸ್ಟ್ರಟ್ಟು ತರಿಸಿ ಕೂರಿಸಿದ. ಕಾರು ಒಮ್ಮೆ ತಗ್ಗಿ, ಒಮ್ಮೆ ಎದ್ದು, ನಿಂತಿತು.

ಶಾಲೆ ಶುರುವಾದಾಗ ನಾನು ಮಲಕಾಜಪ್ಪನಿಗೆ ಬಹಳ ಸಂಕೋಚದಿಂದ, ಕಾರು ಈಗ ಖಾಲಿಯೇ ಚೆನ್ನಾಗಿ ಓಡುತ್ತದೆ, ಹಾಗಂತ ನೀವು ಬರಬಾರದೆಂದಲ್ಲ ಎಂದೆ. ಅವನು ಕೈಮುಗಿದು ಬಸ್ಸು ಹತ್ತಿದ. ನನಗೆ ವರ ಸಿಕ್ಕಿತು. ಒಂದು ವಾರ ಮೌನವನ್ನು ಹೋಳಿಗೆ ತಿಂದಂತೆ ತಿಂದೆ. ಆಮೇಲೆ ಏನೋ ಚುಚ್ಚತೊಡಗಿತು. ರಜೆಯಲ್ಲಿ ಗೋಡೆ ಅಳೆಯಲು ತೇರದಾಳದ ಹಿರಿಯರು ಬರುವವರಿದ್ದರು. ಬಂದರೇ? ಗೋಡೆ ಯಾರದಾಯಿತು? ಪಾಠದ ನಡುವೆಯೂ ಅದೇ ಯೋಚನೆ. ನಾಚಿಕೆ ಬಿಟ್ಟು ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ, ಬನ್ನಿ ಎಂದು ಬಾಗಿಲು ತೆರೆದೆ.

ಬೇಡ ಎಂದ. ಒತ್ತಾಯ ಮಾಡಿದೆ. ಗೋಡೆಯ ಕತೆ ಏನಾಯಿತು ಎಂದೂ ಕೇಳಿದೆ.

"ಅದ ಎಂದೋ ಮುಗೀತ್ರಿ. ಬಸ್ಸಿನ್ಯಾಗ ಎಲ್ಲಾರಿಗೂ ಗೊತ್ತ ಐತಿ," ಎಂದ. ಆಮೇಲೆ ಮುಖದಲ್ಲಿ ಸ್ವಲ್ಪವೂ ಸಿಟ್ಟಿಲ್ಲದೆ, ಬಾಗಿಲನ್ನು ಮೆಲ್ಲಗೆ ಮುಚ್ಚುತ್ತ ಹೇಳಿದ: "ತಪ್ಪ ತಿಳೀಬ್ಯಾಡ್ರಿ ಸರ. ನಿಮ್ಮ ಗಾಡಿ ಕುಣೀತೈತಿ, ಪಾಪ ಅಂತ ಬರ್ತಿದ್ದೆ. ನಿಮ್ಮ ಮುಂದ ಮಾತಾಡೂದೂ ಒಂದ, ಆ ಜ್ವಾಳದ ಚೀಲದ ಮುಂದ ಮಾತಾಡೂದೂ ಒಂದ. ಭಾಳ ಬ್ಯಾಸರ ಆಗ್ತಿತ್ರಿ."

ಬಸ್ಸು ಬಂತು, ಅವನು ಹತ್ತಿದ. ನಾನು ಕಾರು ಬಿಟ್ಟೆ. ಹೊಸ ಸ್ಟ್ರಟ್ಟುಗಳ ಮೇಲೆ ಅದು ಒಂಚೂರೂ ಅಲುಗಾಡದೆ ಬನಹಟ್ಟಿಯ ದಾರಿ ಹಿಡಿಯಿತು. ನಾನು ಬೆಲ್ಟು ಸರಿಮಾಡಿಕೊಂಡೆ. ಜೋಳದ ಚೀಲ ಮೊದಲ ದಿನದಿಂದಲೂ ಸ್ಟೇರಿಂಗಿನ ಮುಂದೆಯೇ ಕೂತಿತ್ತು, ವಜನು ಮಾತ್ರ ಕಡಿಮೆ.