ಆರನೇ ಪ್ಲಾಟ್‌ಫಾರ್ಮಿನ ಕಪ್ಪು ಚೆಂಡು

"ಕಣ್ಣು ಹೇಗಿದೆ ಅಕ್ಕಾ?" ಎಂದು ಕೇಳದೆ, ಬಾಗಿಲ ಬಳಿಯ ಹಾಲಿನ ಪ್ಯಾಕೆಟ್ ಎತ್ತಿಕೊಂಡು ಸುಮ್ಮನೆ ಒಳಗೆ ಹೋಗಿದ್ದರೆ ಅನೌನ್ಸರನ ರಜೆ ರಜೆಯಾಗಿಯೇ ಉಳಿಯುತ್ತಿತ್ತು. ಆದರೆ ಎದುರು ಮನೆಯ ಟೈಲರಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿರುವಾಗ ಮಾತಾಡಿಸದೆ ಹೋಗುವುದು ಹೇಗೆ? ಕೇಳಿದ. ಕೆಟ್ಟ.

ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವನು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬಂತು, ಯಾವುದು ಹೊರಟಿತು ಎಂದು ವಾರವಿಡೀ ಕೂಗಿ ಕೂಗಿ ಗಂಟಲು ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಸವೆದಿತ್ತು. ಹಾಗಾಗಿ ರಜೆಯ ದಿನ ಅವನ ಬಾಯಿಗೂ ರಜೆ. ಹೆಂಡತಿ "ಕಾಫಿ ಕೊಡ್ಲಾ?" ಎಂದರೆ ತಲೆಯಾಡಿಸುತ್ತಿದ್ದ. "ಸಾಕಾ?" ಎಂದರೂ ತಲೆಯಾಡಿಸುತ್ತಿದ್ದ. ಯಾವುದು ಹೌದು, ಯಾವುದು ಅಲ್ಲ ಎನ್ನುವುದನ್ನು ಅವಳೇ ಊಹಿಸಿಕೊಳ್ಳಬೇಕಿತ್ತು.

"ಕಣ್ಣಿಗೇನಪ್ಪ," ಎಂದಳು ಟೈಲರಕ್ಕ. "ಆಪರೇಷನ್ ಆದ ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮೊದಲಿಂದ್ಲೂ ಮಂಜು. ಮಗಳ ಫೈನಲ್ ಇವತ್ತೇ ಬರಬೇಕಿತ್ತಾ ಹೇಳು? ಕೆಳಗೆ ಹಾಲ್‌ನಲ್ಲಿ ದೊಡ್ಡ ಪರದೆ ಕಟ್ಟಿದಾರಂತೆ. ಇಡೀ ಬಿಲ್ಡಿಂಗು ನೋಡುತ್ತೆ. ಹೆತ್ತವಳಿಗೆ ಮಾತ್ರ ಇಲ್ಲ."

ಅವಳ ಮಗಳು ಪೂಲ್ ಆಟಗಾರ್ತಿಯಾದದ್ದು ಸೂಜಿ ದಾರದ ದೆಸೆಯಿಂದ. ಎಷ್ಟೋ ವರ್ಷದ ಹಿಂದೆ, ಪಕ್ಕದ ಬೀದಿಯ ಪೂಲ್ ಪಾರ್ಲರಿನಲ್ಲಿ ಮೇಜಿನ ಹಸಿರು ಬಟ್ಟೆ ಯಾರದೋ ಕೋಲಿಗೆ ಸಿಕ್ಕಿ ಹರಿದಿತ್ತು. ಹೊಲಿಗೆ ಕಾಣದ ಹಾಗೆ ರಫು ಮಾಡಲು ಟೈಲರಕ್ಕ ಹೋದಾಗ ಮಗಳೂ ಜೊತೆಗೆ ಹೋಗಿದ್ದಳು. ತಾಯಿ ಮೇಜಿನ ಆ ತುದಿಯಲ್ಲಿ ಹೊಲಿಯುತ್ತಿದ್ದರೆ ಮಗಳು ಈ ತುದಿಯಲ್ಲಿ ಕೋಲು ಹಿಡಿದು ಚೆಂಡು ಉರುಳಿಸಿದಳು. ಉರುಳಿಸಿದ ಚೆಂಡು ಇವತ್ತು ದೇಶದ ತಂಡದವರೆಗೆ ಬಂದು ನಿಂತಿತ್ತು. ದೂರದ ದೇಶದಲ್ಲಿ ತಂಡಗಳ ಅಂತಾರಾಷ್ಟ್ರೀಯ ಪಂದ್ಯ. ಹೋದ ವರ್ಷವೂ ಹೋಗಿದ್ದಳು. ಕೊನೆಯ ಆಟದಲ್ಲಿ, ತೂತಿಗೆ ಬಿದ್ದೇಬಿಟ್ಟಿತು ಎನ್ನುವಂಥ ಕಪ್ಪು ಚೆಂಡನ್ನು ತಪ್ಪಿಸಿ, ತಂಡವನ್ನು ಸೋಲಿಸಿ ಬಂದವಳು ಎಷ್ಟೋ ದಿನ ಕೋಲು ಮುಟ್ಟಿರಲಿಲ್ಲ. ಊಟಕ್ಕೂ ಸರಿಯಾಗಿ ಏಳುತ್ತಿರಲಿಲ್ಲ.

"ನೀನು ಪಕ್ಕದಲ್ಲಿ ಕೂತು ಏನಾಗ್ತಿದೆ ಅಂತ ಹೇಳ್ತೀಯಾ? ಮೆಲ್ಲಗೆ ಹೇಳಿದ್ರೆ ಸಾಕು," ಎಂದಳು ಟೈಲರಕ್ಕ.

ಇದಕ್ಕೆ ಇಲ್ಲವೆನ್ನಲು ಅವನ ಎದೆ ಕಲ್ಲಾಗಿರಲಿಲ್ಲ. ತಲೆಯಾಡಿಸಿದ. ಆಮೇಲೆ ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ, ರಜೆಯ ದಿನದ ಎರಡನೇ ಮಾತು ಖರ್ಚು ಮಾಡಿದ: "ಆಯ್ತಕ್ಕಾ."

ಮಧ್ಯಾಹ್ನ ಊಟ ಮುಗಿಸಿ ಅವಳ ಕೈ ಹಿಡಿದು ಹಾಲ್‌ಗೆ ಇಳಿದರೆ ಅಲ್ಲಿ ಮೆಲ್ಲಗೆ ಎನ್ನುವ ಮಾತೇ ಇರಲಿಲ್ಲ. ಬಿಲ್ಡಿಂಗಿನ ಸೆಕ್ರೆಟರಿ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ಪರದೆಯ ಮೇಲೆ ಇಬ್ಬರು ಪರದೇಶದವರು ವಿವರಣೆ ಕೊಡುತ್ತಿದ್ದರು. ನೆಗಡಿಯಾದ ಗಂಡ ಹೆಂಡಿರು ಬೀಗದ ಕೈ ಹುಡುಕುತ್ತಾ ಜಗಳವಾಡಿದ ಹಾಗಿತ್ತು. ಯಾರಿಗೂ ಒಂದಕ್ಷರ ಅರ್ಥವಾಗುತ್ತಿರಲಿಲ್ಲ.

"ಅನೌನ್ಸರೇ, ದೇವರು ಬಂದ ಹಾಗೆ ಬಂದ್ರಿ!" ಎಂದು ಸೆಕ್ರೆಟರಿ ಪರದೇಶದವರ ದನಿ ಅಡಗಿಸಿ ಮೈಕನ್ನು ಇವನ ಕೈಗೆ ತುರುಕಿದ. "ಅಕ್ಕನಿಗೆ ಹೇಳೋದನ್ನ ನಮಗೂ ಹೇಳಿ. ಬರೀ ಹಾಲ್‌ಗಲ್ಲ, ತಾರಸಿ ಮೇಲೂ ಒಂದು ಸ್ಪೀಕರ್ ಕಟ್ಟಿಸಿದೀನಿ. ಬೀದಿಗೆಲ್ಲ ಗೊತ್ತಾಗಲಿ, ಯಾರ ಬಿಲ್ಡಿಂಗಿನ ಹುಡುಗಿ ಅಂತ."

"ನಂಗೆ ಪೂಲ್ ಗೊತ್ತಿಲ್ಲ ಸಾರ್."

"ಅದಕ್ಕೇನು! ನಾನಿದೀನಲ್ಲ," ಎಂದರು ಮುಂದಿನ ಸಾಲಿನಲ್ಲಿದ್ದ ಲೆಕ್ಕದ ಮೇಷ್ಟ್ರು. "ಕೆಂಪು ಏಳು, ಹಳದಿ ಏಳು, ಕಪ್ಪು ಒಂದು. ನಮ್ಮ ಹುಡುಗಿ ಹಳದಿ. ಬಿಳೀ ಚೆಂಡಿನಿಂದ ಹೊಡೆದು ತನ್ನ ಏಳನ್ನೂ ಈ ಆರು ತೂತಿಗೆ ಕೆಡವಬೇಕು, ಕೊನೆಗೆ ಕಪ್ಪು. ಮೊದಲು ಮುಗಿಸಿದವರು ಗೆದ್ದ ಹಾಗೆ. ಕೋನಗಳ ವಿಚಾರ ಆಮೇಲೆ ವಿವರಿಸ್ತೀನಿ."

ಎರಡೂ ತಂಡ ಸಮಸಮವಾಗಿ ನಿಂತು, ಎಲ್ಲವೂ ಕೊನೆಯ ಆಟದ ಮೇಲೆ ಬಿದ್ದಿತ್ತು. ಆ ಆಟಕ್ಕೆ ಮೇಜಿನ ಬಳಿ ಬಂದವಳು ಟೈಲರಕ್ಕನ ಮಗಳೇ. ಪರದೆಯ ಮೇಲೆ ಅವಳ ಮುಖ ಕಂಡದ್ದೇ ಹಾಲ್ ಚಪ್ಪಾಳೆ ತಟ್ಟಿತು. ಟೈಲರಕ್ಕ ಅನೌನ್ಸರನ ಮುಂಗೈ ಹಿಡಿದುಕೊಂಡಳು.

ಅನೌನ್ಸರ್ ಮೈಕ್ ಹಿಡಿದು ಬಾಯಿ ತೆರೆದ. ಏನೆಂದು ಕೂಗುವುದು? ಹಸಿರು ಮೇಜಿನ ಮೇಲೆ ಚೆಂಡುಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು. ಆಗ ಹೊಳೆಯಿತು: ಆರು ತೂತು, ತನ್ನ ನಿಲ್ದಾಣದಲ್ಲೂ ಆರು ಪ್ಲಾಟ್‌ಫಾರ್ಮು. ಅಲ್ಲಿಯೂ ಹಳದಿ ಬೋರ್ಡಿನ ಬಸ್ಸು, ಕೆಂಪು ಬೋರ್ಡಿನ ಬಸ್ಸು. ಇಷ್ಟು ವರ್ಷ ಮಾಡಿದ್ದೇ ಇದು!

"ಗಮನಿಸಿ," ಎಂದ. ದನಿ ತನ್ನಷ್ಟಕ್ಕೆ ತಾನೇ ದಾರಿ ಹಿಡಿಯಿತು. "ಹಳದಿ, ಎರಡನೇ ಪ್ಲಾಟ್‌ಫಾರ್ಮಿನತ್ತ ಹೊರಟಿದೆ... ಎರಡನೇ ಪ್ಲಾಟ್‌ಫಾರ್ಮನ್ನು ತಲುಪಿದೆ!"

ಹಾಲ್ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಹೋ ಎಂದು ನಕ್ಕಿತು. ಟೈಲರಕ್ಕನೂ ನಕ್ಕಳು. ಪಟ್ಟಿಯ ಕೆಳಗೆ ಅವಳ ಕೆನ್ನೆ ಉಬ್ಬಿದ್ದು ನೋಡಿ ಅನೌನ್ಸರನಿಗೆ ಹುರುಪು ಬಂತು.

"ಹಳದಿ, ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ದಾರಿಯಲ್ಲಿ ಕೆಂಪು ಅಡ್ಡ ನಿಂತಿದೆ. ದಯವಿಟ್ಟು ದಾರಿ ಬಿಡಿ... ಹಳದಿ ಪಕ್ಕದಿಂದ ನುಸುಳಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬಂದಿದೆ! ಮತ್ತೊಂದು ಹಳದಿ, ಒಂದನೇ ಪ್ಲಾಟ್‌ಫಾರ್ಮು! ಮತ್ತೂ ಒಂದು ಹಳದಿ, ಐದು! ಬೇಗ ಬನ್ನಿ, ಬೇಗ ಬನ್ನಿ!"

"ನಲವತ್ತೈದು ಡಿಗ್ರಿ," ಎಂದರು ಮೇಷ್ಟ್ರು.

"ಮೇಷ್ಟ್ರೇ, ಜ್ವರ ಯಾರಿಗೆ?" ಎಂದಳು ಅನೌನ್ಸರನ ಹೆಂಡತಿ. ರಜೆಯ ದಿನ ಗಂಡ ಇಷ್ಟು ಮಾತಾಡಿದ್ದನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಬಾಯಿಗೆ ಹಾಕಿಕೊಳ್ಳಬೇಕಾದ ಬಿಸ್ಕತ್ತು ಚಹಾದಲ್ಲಿ ಕರಗಿ ಹೋಗಿದ್ದರೂ ಗೊತ್ತಾಗಿರಲಿಲ್ಲ.

ಆಟ ಹೀಗೇ ಸಾಗಿದ್ದರೆ ಚೆನ್ನಾಗಿತ್ತು. ಐದನೇ ಹಳದಿ ಮೂರನೇ ತೂತಿನ ಬಾಯಿಗೆ ಬಡಿದು, ಒಳಗೆ ಬೀಳದೆ ಹೊರಗೆ ಬಂತು. ಅನೌನ್ಸರನ ಮುಂಗೈ ಮೇಲಿದ್ದ ಬೆರಳುಗಳು ಬಿಗಿಯಾದವು. ತಪ್ಪಿತು ಎಂದು ಆ ಮುಖಕ್ಕೆ ಹೇಳುವುದು ಹೇಗೆ?

"ಹಳದಿ," ಎಂದ ಅವನು ಸಕ್ಕರೆ ಪಾಕದ ದನಿಯಲ್ಲಿ, "ಮೂರನೇ ಪ್ಲಾಟ್‌ಫಾರ್ಮಿಗೆ ಕೆಲವೇ ಕ್ಷಣಗಳಲ್ಲಿ ಬರಲಿದೆ."

"ಎಲ್ಲಿ ಬರಲಿದೆ? ಬೀಳಲಿಲ್ಲ!" ಎಂದು ಮೇಷ್ಟ್ರು ಎದ್ದರು. ಅನೌನ್ಸರನ ಹೆಂಡತಿ ಅವರ ಅಂಗಿ ಹಿಡಿದು ಕೂರಿಸಿದಳು.

ಅಷ್ಟರಲ್ಲಿ ಎದುರಾಳಿ ಹುಡುಗಿ ಮೇಜಿಗೆ ಬಂದು ಕೆಂಪು ಚೆಂಡುಗಳನ್ನು ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದಾಗಿ ಹೆಕ್ಕತೊಡಗಿದಳು. ಅನೌನ್ಸರ್ ಅದನ್ನೂ ಮುಚ್ಚಿಟ್ಟ. "ಕೆಂಪು ತಾಂತ್ರಿಕ ಕಾರಣದಿಂದ ನಿಧಾನವಾಗಿ ಚಲಿಸುತ್ತಿದೆ. ಹಳದಿಗೆ ಕಾಯುತ್ತಿರುವವರು ಆತಂಕ ಪಡಬೇಡಿ. ಕೆಲವೇ ಕ್ಷಣಗಳಲ್ಲಿ..."

ಟೈಲರಕ್ಕ ಅವನ ಕಿವಿಯ ಬಳಿ ಬಗ್ಗಿದಳು. ಅವನು ಮೈಕನ್ನು ಕೈಯಿಂದ ಮುಚ್ಚಿದ.

"ತಪ್ಪಿಸಿದ್ಲು, ಅಲ್ವಾ?"

"ಛೇ, ಇಲ್ಲಕ್ಕಾ..."

"ದಿನಾ ನಿನ್ನ ಬಸ್ಸಿಗೆ ಕಾಯೋಳು ಕಣಪ್ಪಾ ನಾನು. ಬಸ್ಸು ದಾರೀಲಿ ಕೆಟ್ಟು ನಿಂತಾಗ ಮಾತ್ರ ನೀನು 'ಕೆಲವೇ ಕ್ಷಣಗಳಲ್ಲಿ' ಅನ್ನೋದು. ಅದೂ ಇದೇ ಸಿಹಿ ದನೀಲಿ." ಅವಳು ಅವನ ಕೈ ಬಿಡಲಿಲ್ಲ. "ನಿಜ ಹೇಳು. ಅವಳು ಗೆದ್ದಾಗ ಜೊತೆಗಿರೋಕೆ ಇಡೀ ಊರಿದೆ. ತಪ್ಪಿಸಿದಾಗ ನಾನು ಜೊತೆಗಿರಬೇಕಲ್ವಾ? ನೀನು ಸುಳ್ಳು ಹೇಳಿದ್ರೆ ನಾನು ಬೇರೆ ಯಾರದೋ ಆಟದಲ್ಲಿ ಕೂತ ಹಾಗಾಗುತ್ತೆ."

ಅನೌನ್ಸರನಿಗೆ ನಾಚಿಕೆಯಾಯಿತು. ಮೈಕಿನಿಂದ ಕೈ ತೆಗೆದ. ದನಿಯಲ್ಲಿದ್ದ ಸಕ್ಕರೆ ಇಳಿದಿತ್ತು.

"ಕೆಂಪು ಎಲ್ಲವೂ ಹೊರಟು ಹೋಗಿವೆ. ಒಂದೂ ಉಳಿದಿಲ್ಲ. ಹಳದಿ ಇನ್ನೂ ಮೂರು ನಿಂತಿವೆ. ಎದುರಾಳಿ ಈಗ ಕಪ್ಪನ್ನು ಹೊಡೆಯುತ್ತಿದ್ದಾಳೆ. ಅದು ಬಿದ್ದರೆ ನಮ್ಮ ಕತೆ ಮುಗಿಯಿತು."

ಕಪ್ಪು ಆರನೇ ತೂತಿನ ಕಡೆ ಉರುಳಿತು. ಬಾಯಿಯವರೆಗೂ ಬಂತು. ಅಂಚಿನಲ್ಲಿ, ತಣ್ಣೀರಿಗೆ ಇಳಿಯಲು ಹೆದರುವವರ ಹಾಗೆ, ನಿಂತುಬಿಟ್ಟಿತು.

"ಬಿದ್ದಿಲ್ಲ! ಕಪ್ಪು ಆರನೇ ಪ್ಲಾಟ್‌ಫಾರ್ಮಿನಲ್ಲಿ ಬಂದು ನಿಂತಿದೆ! ಎಲ್ಲರೂ ಆರನೇ ಪ್ಲಾಟ್‌ಫಾರ್ಮಿನ ಕಡೆ ನೋಡಿ!"

ತಂಡದ ಕೋಚ್ ವಿರಾಮ ಕೇಳಿದ. ಟೈಲರಕ್ಕನ ಮಗಳು ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜುತ್ತಾ ನಿಂತಳು. ಉಜ್ಜಿದ್ದನ್ನೇ ಉಜ್ಜಿದಳು. ಹೋದ ವರ್ಷ ಅವಳನ್ನು ಕೆಡವಿದ್ದೂ ಇಂಥದೇ ಕಪ್ಪು. ವಿರಾಮ ತುಂಬಲು ಅನೌನ್ಸರ್ ಹೇಳುತ್ತಲೇ ಇದ್ದ: "ಕಪ್ಪು, ಆರನೇ ಪ್ಲಾಟ್‌ಫಾರ್ಮು. ಇದು ಕೊನೆಯದು. ಇದು ತಪ್ಪಿದರೆ ಇನ್ನೊಂದಿಲ್ಲ. ಮತ್ತೊಮ್ಮೆ ಹೇಳುತ್ತಿದ್ದೇನೆ: ಕಪ್ಪು, ಆರನೇ ಪ್ಲಾಟ್‌ಫಾರ್ಮು."

ವಿರಾಮ ಮುಗಿಯಿತು. ಹಳದಿ ಒಂದು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಮೇಜಿನ ಎರಡು ಅಂಚಿಗೆ ಬಡಿದು, ಎಲ್ಲರ ಜೀವ ಹಿಂಡಿ, ಬಿತ್ತು.

"ಯಾಕಪ್ಪಾ ಮಾತು ನಿಲ್ಲಿಸಿದೆ?"

"ಕಪ್ಪಿನ ಮುಂದೆ ನಿಂತಿದಾಳಕ್ಕಾ. ಬಗ್ಗಿದಾಳೆ. ಕೈ ನಡುಗ್ತಾ ಇಲ್ಲ. ಹೊಡೆದ್ಲು... ಬಿಳೀದು ಹೊರಟಿದೆ... ಕಪ್ಪು..." ಆಮೇಲೆ ಅವನಿಗೇ ಗೊತ್ತಿಲ್ಲದ ಒಂದು ದನಿ ಅವನ ಹೊಟ್ಟೆಯಾಳದಿಂದ ಎದ್ದು ಬಂತು. "ಕಪ್ಪು ಆರನೇ ಪ್ಲಾಟ್‌ಫಾರ್ಮಿನಿಂದ ಹೋಗೇಬಿಡ್ತು!"

ಹಾಲ್ ಎದ್ದು ಕುಣಿಯಿತು. ಮೇಷ್ಟ್ರು ಸೆಕ್ರೆಟರಿಯನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ಟೈಲರಕ್ಕ ಮಾತ್ರ ಕೂತಲ್ಲೇ ಕೂತು ಅನೌನ್ಸರನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು. "ನೋಡಿದೆ ಕಣಪ್ಪಾ. ಪೂರ್ತಿ ನೋಡಿದೆ," ಎಂದಳು.

ಆಗಲೇ ಹೊರಗೆ ಬಹಳ ಜನರ ಸದ್ದು ಕೇಳಿಸಿತು. "ಬೀದಿಯವರೆಲ್ಲ ಅಭಿನಂದನೆ ಹೇಳೋಕೆ ಬರ್ತಿದಾರೆ!" ಎಂದು ಸೆಕ್ರೆಟರಿ ಅಂಗಿಯ ಗುಂಡಿ ಸರಿಮಾಡಿಕೊಂಡ. ಅನೌನ್ಸರನೂ ತಲೆಗೂದಲ ಮೇಲೆ ಕೈಯಾಡಿಸಿಕೊಂಡ. ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ನಿಲ್ದಾಣದ ಕಂಟ್ರೋಲರ್. ಅವನ ಹಿಂದೆ ಚೀಲ, ಟ್ರಂಕು, ಕೂಸುಗಳನ್ನು ಎತ್ತಿಕೊಂಡ ಪ್ರಯಾಣಿಕರ ದಂಡು.

"ಏನ್ರೀ ಇದು?" ಎಂದು ಕಂಟ್ರೋಲರ್ ಕಿರುಚಿದ. "ಕಾಂಪೌಂಡ್ ಗೋಡೆ ದಾಟಿದ್ರೆ ನಿಲ್ದಾಣ ಅಂತ ಮರ್ತೇಬಿಟ್ರಾ? ಇವತ್ತಿನ ಬದಲಿ ಹುಡುಗಿ ಕೂಗಿ ಕೂಗಿ ಅಳ್ತಾ ಕೂತಿದಾಳೆ. ಜನ ಕೇಳೋದು ನಿಮ್ಮ ದನಿ! ಹಳದಿ ಎರಡು ಅಂದ್ರಿ, ಎರಡಕ್ಕೆ ಓಡಿದ್ರು. ನಾಲ್ಕು ಅಂದ್ರಿ, ನಾಲ್ಕಕ್ಕೆ. ಡ್ರೈವರುಗಳು ಯಾರನ್ನೂ ಹತ್ತಿಸಿಕೊಳ್ಳದೆ ಹೊರಟು ಹೋದ್ರು. ಕೆಂಪು ಒಂದೂ ಉಳಿದಿಲ್ಲ ಅಂದ್ರಲ್ಲ, ಉಳಿದಿದ್ದೋರೂ ಅದನ್ನ ಕೇಳಿ ಗಾಡಿ ತೆಗೆದ್ರು!"

ಟ್ರಂಕಿನ ಅಜ್ಜನೊಬ್ಬ ಮುಂದೆ ಬಂದ. "ಅದೆಲ್ಲ ಇರ್ಲಿ ಸ್ವಾಮಿ. ಕಪ್ಪು ಬಸ್ಸು ಎಲ್ಲಿ? ಕೊನೇದು, ತಪ್ಪಿದರೆ ಇನ್ನೊಂದಿಲ್ಲ ಅಂದ್ರಿ. ನಾವಷ್ಟೂ ಜನ ಆರನೇ ಪ್ಲಾಟ್‌ಫಾರ್ಮಲ್ಲಿ ಸಾಲು ನಿಂತ್ವಿ. ಆಮೇಲೆ ಹೋಗೇಬಿಡ್ತು ಅಂತೀರಿ. ನಮ್ಮ ಕಣ್ಣಿಗೆ ಕಾಣದೇ ಹೋಯ್ತಲ್ಲ, ಅದೆಂಥ ಬಸ್ಸು?"

ಅನೌನ್ಸರ್ ಸೆಕ್ರೆಟರಿಯ ಕಡೆ ನೋಡಿದ. ಸೆಕ್ರೆಟರಿ ತಾರಸಿಯ ಕಡೆ ನೋಡಿದ, ಸ್ಪೀಕರನ್ನು ಬೇರೆ ಯಾರೋ ಕಟ್ಟಿದ್ದರೆನ್ನುವ ಹಾಗೆ.

"ಒಂದು ತಿಂಗಳ ವಾರದ ರಜೆ ರದ್ದು," ಎಂದ ಕಂಟ್ರೋಲರ್. "ಅದೂ ಈ ಕ್ಷಣದಿಂದ. ನಡೀರಿ ಮೈಕಿಗೆ. ಬಸ್ಸುಗಳನ್ನ ವಾಪಸ್ ಕರೆಸಿದೀನಿ. ಬರೋವರೆಗೂ ಈ ಜನರನ್ನ ನೀವೇ ಸಂಭಾಳಿಸಿ!"

ಹೀಗೆ ಅನೌನ್ಸರ್ ಮನೆಯ ಚಪ್ಪಲಿಯಲ್ಲೇ ನಿಲ್ದಾಣಕ್ಕೆ ನಡೆದ. ಕುರ್ಚಿಯಲ್ಲಿ ಕೂತು ಮೈಕಿನ ಗುಂಡಿ ಒತ್ತಿದ. ಕಿಟಕಿಯಾಚೆ ಸಿಟ್ಟಾದ ಮುಖಗಳು ಅವನನ್ನೇ ನೋಡುತ್ತಿದ್ದವು. "ಹಳದಿ ಬಸ್ಸು ಕೆಲವೇ..." ಎಂದವನು ತಡೆದ.

"ಬಸ್ಸು ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ," ಎಂದ. ನಿಲ್ದಾಣದಲ್ಲಿ ಅಂಥ ಮಾತು ಮೈಕಿನಲ್ಲಿ ಕೇಳಿದ್ದು ಅದೇ ಮೊದಲು. ಬೀಡಾ ಅಂಗಡಿಯವನೂ ತಲೆ ಎತ್ತಿದ. "ತಪ್ಪು ನನ್ನದು. ಆದರೆ ನೀವು ಓಡಾಡಿದ್ದು ಯಾತಕ್ಕೆ ಅಂತ ಹೇಳ್ತೀನಿ, ಕೇಳಿ. ನಮ್ಮ ಎದುರು ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳಮ್ಮ ಟೈಲರು..."

ಹರಿದ ಹಸಿರು ಬಟ್ಟೆಯಿಂದ ಶುರು ಮಾಡಿದ. ಒಬ್ಬೊಬ್ಬರಾಗಿ ಟ್ರಂಕಿನ ಮೇಲೆ, ಚೀಲದ ಮೇಲೆ ಕೂತರು. ಹಳದಿ ಮೂರನೇ ತೂತಿನಿಂದ ಹೊರಗೆ ಬಂದಾಗ ಒಬ್ಬಾಕೆ "ಅಯ್ಯೋ, ಮಗು!" ಎಂದಳು. ಎದುರಾಳಿ ಕೆಂಪು ಹೆಕ್ಕುವಾಗ ಅಜ್ಜ ಅವಳಿಗೆ ಬೈದ. ಅಳುತ್ತಿದ್ದ ಬದಲಿ ಹುಡುಗಿ ಕಣ್ಣು ಒರೆಸಿಕೊಂಡು ಬಾಗಿಲಿಗೆ ಒರಗಿ ನಿಂತಳು.

ಅಷ್ಟರಲ್ಲಿ ಹಳದಿ ಬಸ್ಸೊಂದು ನಿಜವಾಗಿಯೂ ಎರಡನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಯಾರೂ ಹತ್ತಲಿಲ್ಲ. ಅದರ ಹಿಂದೆ ಕೆಂಪು ಬಂತು. ಅದಕ್ಕೂ ಯಾರೂ ಹತ್ತಲಿಲ್ಲ. ಬೇಸತ್ತ ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟು ಒತ್ತಿದ.

ಕಂಟ್ರೋಲರ್ ಎರಡೂ ಕೈ ಎತ್ತಿಕೊಂಡು ಅವನ ಕಡೆ ಓಡಿದ.

"ಏಯ್, ಸದ್ದು ಮಾಡಬೇಡಯ್ಯ! ಹುಡುಗಿ ಕಪ್ಪಿನ ಮುಂದೆ ನಿಂತಿದಾಳೆ!"