ಇಪ್ಪತ್ನಾಲ್ಕು ಫ್ರೇಮಿನ ಕೋಲಾಟ

ಅಂದಿನ ಬೆಳಗು ಎಲ್ಲ ಬೆಳಗುಗಳಂತೆಯೇ ಶುರುವಾಯಿತು. ಹಾಲಿನ ಪ್ಯಾಕೆಟ್ ತೊಳೆದೆ. ಫಿಲ್ಟರಿನ ತಲೆಗೆ ಎರಡು ಬಾರಿ ಕುಟ್ಟಿ ಡಿಕಾಕ್ಷನ್ ಇಳಿಸಿದೆ. ಬಾಗಿಲ ಮುಂದೆ ನಾಲ್ಕೆಳೆ ರಂಗೋಲಿ ಎಳೆದೆ. ನಮ್ಮವರು ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮುಗಿಸಿ, ಎಂದಿನಂತೆ ಒಂದು ಶೂವನ್ನು ಪೂರ್ವಕ್ಕೂ ಇನ್ನೊಂದನ್ನು ಪಶ್ಚಿಮಕ್ಕೂ ಬಿಟ್ಟು ಒಳಗೆ ಬಂದರು. ನಾನು ಕಾಫಿ ಕೊಟ್ಟು, ಕುಕ್ಕರಿನಲ್ಲಿ ಬೇಳೆ ಇಟ್ಟು, ಕಂಪ್ಯೂಟರಿನ ಮುಂದೆ ಕುಳಿತೆ. ಮೂರನೇ ವಿಸಲ್ ಕೂಗುವಷ್ಟರಲ್ಲಿ ಕೆಲಸ ಮುಗಿಯುತ್ತದೆಂದು ನನ್ನ ಅಂದಾಜು.

ಕೆಲಸ ಇಷ್ಟೇ. ಪದ್ಮನಾಭನಗರದ ನಮ್ಮ ರಸ್ತೆಯಲ್ಲಿ ಎಂಟು ಜನ ಹೆಂಗಸರ ಕೋಲಾಟದ ಗುಂಪೊಂದಿದೆ. ಅದನ್ನು ಕಟ್ಟಿದವರು ನಮ್ಮ ಮನೆಯ ಓನರ್ ಮುನಿರತ್ನಮ್ಮ. ಈ ರಸ್ತೆ ರಾಗಿ ಹೊಲವಾಗಿದ್ದಾಗ ತಾಯಿಯಿಂದ ಕಲಿತ ಆಟವನ್ನು, ಅದೇ ಹೊಲದ ಮೇಲೆ ಎದ್ದಿರುವ ಕಟ್ಟಡದ ಕಾರ್ ಪಾರ್ಕಿಂಗಿನಲ್ಲಿ ನಮಗೆ ಕಲಿಸಿದವರು. ಅನನ್ಯ ಎಂಬ ಹುಡುಗಿ ಇಂಥ ಹಳೆಯ ಆಟಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾಳೆ. ನಾವೇ ತೆಗೆದ ಐದು ನಿಮಿಷದ ವಿಡಿಯೊವನ್ನು ಅಂದು ಸಂಜೆಯೊಳಗೆ ಅವಳಿಗೆ ಕಳಿಸಬೇಕಿತ್ತು. ಚೆನ್ನಾಗಿದ್ದರೆ ಅದನ್ನು ಸಿನಿಮಾಕ್ಕೆ ಸೇರಿಸಿಕೊಂಡು, ಭಾನುವಾರ ದೊಡ್ಡ ಕ್ಯಾಮೆರಾ ತಂದು ಮತ್ತಷ್ಟು ಚಿತ್ರೀಕರಣ ಮಾಡುತ್ತಾಳಂತೆ.

"ಆಂಟಿ, ನಿಮ್ಮ ಕ್ಯಾಮ್‌ಕಾರ್ಡರ್ ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್, ಅಂದ್ರೆ ಬಿಡಿ ಚಿತ್ರ, ತೆಗೆಯತ್ತೆ. ನಮ್ಮ ಸಿನಿಮಾದ್ದು ಇಪ್ಪತ್ನಾಲ್ಕು. ಪರವಾಗಿಲ್ಲ, ಹಾಗೇ ಕಳ್ಸಿ. ಎಡಿಟಿಂಗಲ್ಲಿ ನಾನು ನೋಡ್ಕೋತೀನಿ," ಅಂದಿದ್ದಳು.

ಹಾಗೇ ಕಳಿಸುವುದೇ? ನಾನು ಕಾನ್ವೆಂಟಿನಲ್ಲಿ ಓದಿದವಳು. ಕೆಂಪು ಶಾಯಿಯಲ್ಲಿ ಮಾರ್ಜಿನ್ ಎಳೆಯದೆ ಒಂದು ದಿನವೂ ಹೋಂವರ್ಕ್ ಒಪ್ಪಿಸಿದವಳಲ್ಲ.

"ನಿನಗ್ಯಾಕಮ್ಮ ತೊಂದ್ರೆ. ನಾನೇ ಇಪ್ಪತ್ನಾಲ್ಕು ಮಾಡಿ ಕಳಿಸ್ತೀನಿ," ಎಂದುಬಿಟ್ಟೆ. ಇಪ್ಪತ್ತೈದರಲ್ಲಿ ಒಂದು ಕಳೆಯುವುದು ಒಂದನೇ ಕ್ಲಾಸಿನ ಲೆಕ್ಕ.

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರೋಗ್ರಾಂ ಬಹಳ ವಿನಯದಿಂದ ಕೇಳಿತು: ಹೆಚ್ಚಾದ ಫ್ರೇಮುಗಳನ್ನು ಎಸೆಯಲೇ, ಇಲ್ಲ ಎಲ್ಲವನ್ನೂ ಉಳಿಸಿಕೊಳ್ಳಲೇ? ನಮ್ಮ ಮನೆಯಲ್ಲಿ ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಎಸೆಯುವುದೆಂದರೆ ಏನು? ಉಳಿಸಿಕೋ ಎಂದೆ. ಧ್ವನಿಯನ್ನೂ ಬದಲಿಸಲೇ ಎಂದು ಕೇಳಿತು. ಕೆಳಗಿನ ಮನೆಯ ಗಿರಿಜಾ ಶೀತದಲ್ಲೂ ಕಷ್ಟಪಟ್ಟು ಹಾಡಿದ್ದಾಳೆ, ಮುಟ್ಟಬೇಡ ಎಂದೆ. ಮೂರನೇ ವಿಸಲ್ ಕೂಗಿತು. ವಿಡಿಯೊ ಸಿದ್ಧವಾಗಿತ್ತು. ನನ್ನ ಮೇಲೆ ನನಗೇ ಗೌರವ ಬಂತು.

ತಿಂಡಿಯ ಕೆಲಸ ಮುಗಿದ ಮೇಲೆ ಗುಂಪಿನವರೆಲ್ಲರೂ ನಮ್ಮ ಹಾಲ್‌ನಲ್ಲಿ ಸೇರಿದರು. ಟೀವಿಯಲ್ಲಿ ಹಾಕಿದೆ. ಆರಂಭ ಚೆನ್ನಾಗಿಯೇ ಇತ್ತು. ಪಲ್ಲವಿ ಮುಗಿಯುವ ಹೊತ್ತಿಗೆ ಏನೋ ಎಡವಟ್ಟು. 'ಟಕ್' ಎಂಬ ಸದ್ದು ಮೊದಲು ಬರುತ್ತಿತ್ತು. ಕೋಲುಗಳು ಆಮೇಲೆ ನಿಧಾನವಾಗಿ ಬಂದು ಸೇರುತ್ತಿದ್ದವು, ಮದುವೆ ಮನೆಗೆ ತಡವಾಗಿ ಬಂದ ನೆಂಟರ ಹಾಗೆ.

ಗಿರಿಜಾ ರಿಮೋಟ್ ಕಿತ್ತುಕೊಂಡು ನಿಲ್ಲಿಸಿದಳು. "ಇದೇನ್ರೀ ಇದು? ಎಲ್ಲಾರೂ ಲೇಟು!"

"ನಾನ್ ಲೇಟಲ್ಲಪ್ಪ, ಮುನಿರತ್ನಮ್ಮೋರನ್ನ ನೋಡ್ಕೊಂಡೇ ಹೊಡೀತಿದ್ದೆ," ಎಂದರು ಒಬ್ಬರು.

"ನಾನೂ ಅಷ್ಟೇ," ಎಂದರು ಇನ್ನೊಬ್ಬರು.

ಎಲ್ಲರ ಕಣ್ಣೂ ಮುನಿರತ್ನಮ್ಮನವರ ಕಡೆ ತಿರುಗಿತು. ಮಧ್ಯದಲ್ಲಿ ನಿಂತು ಮುನ್ನಡೆಸುವವರು ಅವರೇ. ಅವರೇ ತಡವಾದರೆ ನೋಡಿಕೊಂಡು ಹೊಡೆಯುವವರೆಲ್ಲ ತಡ. ತರ್ಕ ಸರಿಯಾಗಿಯೇ ಇತ್ತು.

ಆಗ ಗಿರಿಜಾ ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿ, ಇನ್ನೊಂದು ಸಂಗತಿ ಕಂಡುಹಿಡಿದಳು. "ನೋಡಿ, ಆ ಮೂಲೇಲಿ ಶೀಲಾ ಒಬ್ರೇ ಕರೆಕ್ಟು! ಸದ್ದಿಗೆ ಸರಿಯಾಗಿ ಹೊಡೀತಿದಾರೆ."

ನೋಡಿದೆ. ನಿಜ. ನೇರಳೆ ಸೀರೆಯ ಶೀಲಾ, ಅಂದರೆ ನಾನು, ತಾಳಕ್ಕೆ ಅಂಟಿಕೊಂಡಂತೆ ಕೋಲು ಹಾಕುತ್ತಿದ್ದೆ. ಇಷ್ಟು ದಿನ ನನ್ನನ್ನು ಮೂಲೆಯಲ್ಲಿ ನಿಲ್ಲಿಸಿದ್ದರ ಬಗ್ಗೆ ನಾನು ಎಂದೂ ದೂರಿದವಳಲ್ಲ. ಆದರೂ ಸತ್ಯಕ್ಕೆ ಜಯವಿದೆ ಎನ್ನಿಸಿತು.

ಸಭೆಯ ತೀರ್ಮಾನವಾಯಿತು. ಈ ವಿಡಿಯೊ ಬೇಡ, ಸಂಜೆ ಇನ್ನೊಂದು ತೆಗೆದು ಕಳಿಸುವುದು. ಮಧ್ಯದಲ್ಲಿ ನಾನು ನಿಲ್ಲುವುದು. ಮುನಿರತ್ನಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚಪ್ಪಾಳೆ ತಟ್ಟುವುದು. ಭಾನುವಾರವೂ ಹಾಗೆಯೇ.

"ಆಗ್ಲಿ ಬುಡ್ರವ್ವ, ನಂಗೂ ಮಂಡಿ ನೋಯ್ತದೆ," ಎಂದರು ಅವರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಡಿಸುತ್ತಿದ್ದರು. ನನಗೆ ಪಾಪ ಎನ್ನಿಸಿತು. ಆದರೆ ಬೇಡ ಎನ್ನುವಷ್ಟು ಪಾಪ ಎನ್ನಿಸಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕನ್ನಡಿಯ ಮುಂದೆ ನಾಯಕಿಯ ಮುಖಭಾವ ಅಭ್ಯಾಸ ಮಾಡುತ್ತಿದ್ದೆ. ಬೆಲ್ ಆಯಿತು. ಮುನಿರತ್ನಮ್ಮ.

"ಶೀಲಮ್ಮ, ಅದ್ನ ಇನ್ನೊಂದ್ ಕಿತ ಹಾಕ್ತೀಯಾ? ಪೂರ್ತಿ ನೋಡೇ ಇಲ್ಲ. ನಾನ್ ಆಡಿದ್ದು ಅದೊಂದೇ ಅಲ್ವಾ ಇನ್ನು, ನೋಡ್ಬುಡ್ತೀನಿ."

ಹಾಕಿದೆ. ಚರಣ ಚರಣಕ್ಕೂ ನಾವು ಹಿಂದೆ ಬೀಳುತ್ತಾ ಹೋದೆವು. ಕೊನೆಯಲ್ಲಿ ಹಾಡು ಮುಗಿಯಿತು. ಮೌನ. ಆ ಮೌನದಲ್ಲಿ ರೇಷ್ಮೆ ಸೀರೆಯುಟ್ಟ ಎಂಟು ಹೆಂಗಸರು ಶ್ರದ್ಧೆಯಿಂದ ಸುತ್ತುತ್ತಲೇ ಇದ್ದೆವು. ಕೋಲಿಗೆ ಕೋಲು ತಾಗುತ್ತಿತ್ತು, ಸದ್ದಿಲ್ಲ. ಗಿರಿಜಾ ಕ್ಯಾಮೆರಾದ ಕಡೆ ತಿರುಗಿ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದಳು.

ಮುನಿರತ್ನಮ್ಮ ಟೀವಿಯನ್ನೇ ನೋಡುತ್ತಾ ಹೇಳಿದರು: "ಹಾಡು ಮುಗ್ದು ಮನೆಗೋದ್ರೂ ನಾವ್ ಆಡ್ತಾನೇ ಇದೀವಲ್ಲಮ್ಮ. ಇದೂ ನನ್ನಿಂದ್ಲೇ ಆಗಿದ್ದಾ?"

ಅನನ್ಯಳಿಗೆ ಫೋನ್ ಮಾಡಿ ಬೆಳಿಗ್ಗೆ ಒತ್ತಿದ ಬಟನ್ನುಗಳ ಪುರಾಣವನ್ನೆಲ್ಲ ಒಪ್ಪಿಸಿದೆ.

"ಅಯ್ಯೋ ಆಂಟಿ, ಎಲ್ಲಾ ಫ್ರೇಮೂ ಉಳಿಸ್ಕೊಂಡು ಇಪ್ಪತ್ನಾಲ್ಕು ಮಾಡಿದ್ರೆ ಪಿಕ್ಚರ್ ನಿಧಾನ ಆಗತ್ತೆ. ಸೌಂಡ್ ಮುಟ್ಟಿಲ್ಲ, ಅದು ಹಳೇ ಸ್ಪೀಡಲ್ಲೇ ಹೋಯ್ತು. ಹಾಗೇ ಕಳ್ಸಿ ಅಂದಿದ್ನಲ್ಲ?"

ಅಂದರೆ, ಒಂದೇ ಒಂದು ಫ್ರೇಮನ್ನೂ ಎಸೆಯಲೊಪ್ಪದ ಗೃಹಿಣಿಯೊಬ್ಬಳು, ಗುಂಪು ಕಟ್ಟಿದ ಗುರುವನ್ನೇ ಎಸೆದಿದ್ದಳು.

ಮುನಿರತ್ನಮ್ಮನವರ ಕೈ ಹಿಡಿದು ಕ್ಷಮೆ ಕೇಳಿದೆ. "ಹೋಗ್ಲಿ ಬುಡು. ಮಿಷಿನ್‌ಗೇನ್ ಗೊತ್ತಾಯ್ತದೆ ತಾಳ," ಎಂದರು. ಮಂಡಿನೋವು ಆ ಕ್ಷಣಕ್ಕೆ ಮಾಯವಾಗಿರಬೇಕು. ಮೆಟ್ಟಿಲನ್ನು ಬೇಗಬೇಗನೆ ಇಳಿದರು.

ಕೆಳಗೆ ಹೋಗಿ ಗಿರಿಜಾಗೂ ತಪ್ಪೊಪ್ಪಿಕೊಂಡೆ. ಕ್ಯಾಮೆರಾದ ಮೂಲ ವಿಡಿಯೊವನ್ನೇ ಮುಟ್ಟದೆ ಕಳಿಸುತ್ತೇನೆ, ಮಧ್ಯದಲ್ಲಿ ಮುನಿರತ್ನಮ್ಮನವರೇ ಎಂದೆ. ಅವಳು ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿದಳು.

"ಸರಿ, ಮಿಷಿನ್ನಿಂದ ಎಲ್ಲಾರೂ ಲೇಟ್ ಕಾಣಿಸಿದ್ವಿ. ಹಾಗಾದ್ರೆ ನೀವೊಬ್ರು ಹೆಂಗ್ರೀ ಕರೆಕ್ಟಾಗಿದ್ರಿ?"

ಒಳ್ಳೆಯ ಪ್ರಶ್ನೆ. ನೋಡಿ ಹೇಳ್ತೀನಿ ಎಂದು ಬಂದೆ.

ಸಂಜೆ ಉಳಿದ ಏಳೂ ಜನ ಭಾನುವಾರಕ್ಕೆಂದು ಕೆಳಗೆ ಅಭ್ಯಾಸಕ್ಕಿಳಿದರು. ನಾನು ವಿಡಿಯೊ ಕಳಿಸಲು ಮೇಲೆಯೇ ಉಳಿದೆ. ಅದು ಹೋಗುತ್ತಿರುವಾಗ ಒಮ್ಮೆ ನೋಡಿದೆ. ಏಳು ಜನರ ಕೋಲುಗಳು ಸದ್ದಿನೊಂದಿಗೇ ಸೇರುತ್ತಿದ್ದವು. ಮೂಲೆಯ ನೇರಳೆ ಸೀರೆ ಮಾತ್ರ ಪ್ರತಿ ಬಾರಿಯೂ ಅರ್ಧ ಸೆಕೆಂಡು ಮೊದಲೇ ಹೊಡೆದು, ಮುಂದಿನದಕ್ಕೆ ಕೋಲೆತ್ತಿ ನಿಂತಿತ್ತು. ನಮ್ಮವರನ್ನು ಕರೆದು ತೋರಿಸಿದೆ.

"ಕ್ಯಾಮೆರಾ ಹಳೇದಲ್ವಾ, ಆ ಮೂಲೇಲಿ ಏನೋ ದೋಷ ಇರ್ಬೇಕು," ಎಂದೆ.

"ಇರ್ಬೇಕು," ಎಂದು ಅವರು ಪೇಪರಿನ ಹಿಂದೆ ಮರೆಯಾದರು. ಪೇಪರು ಸಣ್ಣಗೆ ಅಲುಗುತ್ತಿತ್ತು.

ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದೆ. ಎದುರುಮನೆಯ ಶ್ರೀಕಂಠಯ್ಯನವರು ತುಳಸಿಗೆ ನೀರು ಹಾಕುತ್ತಿದ್ದವರು ತಲೆಯೆತ್ತಿದರು.

"ಏನ್ ಮೇಡಂ, ಇಲ್ಲೇ ಇದೀರಾ? ಇವತ್ತು ಕೋಲಾಟ ಕೇಳೋಕೆ ಎಷ್ಟು ಚೆನ್ನಾಗಿತ್ತು. ನೀವು ಊರಿಗೆ ಹೋಗಿರ್ಬೇಕು ಅಂದ್ಕೊಂಡೆ."